ಕತ್ತರಿಸಿದ ಒಂಬತ್ತು ಸೆಕೆಂಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ದನಿ ನನ್ನದು. ಟೊಮ್ಯಾಟೊ ಹಾಕುವ ಹೊಲಕ್ಕೆ ಕುರಿ ಬಿಡಬೇಡಿ ಎಂದು ಮಾರಂಡಹಳ್ಳಿಯಿಂದ ಪಾಲಕೋಡ್‌ವರೆಗೆ ಸಿಕ್ಕಸಿಕ್ಕವರ ಫೋನಿನೊಳಗೆ ಕೂತು ಉಪದೇಶ ಮಾಡಿದ ಆ ವ್ಯವಸಾಯದ ಆಫೀಸರು ಯಾವ ಆಫೀಸಿನಲ್ಲೂ ಇಲ್ಲ. ನಮ್ಮ ಹಿತ್ತಿಲ ಕಲ್ಲಿನ ಮೇಲೆ, ಬನಿಯನ್ನು ಹಾಕಿಕೊಂಡು, ಮೂಗನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದು, ಮುದ್ದೆಗೆ ಕಾಯುತ್ತ ಕೂತಿದ್ದ ನಾನೇ ಆ ಆಫೀಸರು. ನನ್ನಂಥ ಪೆದ್ದ ಈ ಸೀಮೆಯಲ್ಲೇ ಇಲ್ಲ ಎನ್ನುತ್ತಾಳೆ ನಮ್ಮಜ್ಜಿ. ಅವಳು ಸೀಮೆ ಸುತ್ತಿದವಳಲ್ಲ. ನನ್ನನ್ನು ನಂಬಿದವರನ್ನು ಅವಳು ಲೆಕ್ಕಕ್ಕೇ ಹಿಡಿದಿಲ್ಲ.

ಪೆದ್ದತನ ನನ್ನದು, ಸರಿ. ಆದರೆ ಕತ್ತರಿ ನನ್ನದಲ್ಲ. ಕತ್ತರಿ ಹಿಡಿದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಅಂದಾಜೂ ಇಲ್ಲ. ಕ್ಷಮಿಸುವವರ ದನಿ ಹೇಗಿರುತ್ತದೆ ಎಂದು ಗೊತ್ತಿದ್ದರೆ ಅದನ್ನೂ ಅಣಕ ಮಾಡುತ್ತಿದ್ದೆ. ನಮ್ಮ ಮನೆಯ ಕಡೆ ಅಂಥವರು ಯಾರೂ ಸಿಕ್ಕಿಲ್ಲ.

ಪಾಲಕೋಡ್‌ನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ಮದುವೆ, ಕಿವಿ ಚುಚ್ಚುವ ಕಾರ್ಯ, ಯಾರದೋ ಮನೆ ಗೃಹಪ್ರವೇಶ, ಎಲ್ಲಿಗೇ ಬಾಕ್ಸ್ ಹೊತ್ತುಕೊಂಡು ಹೋದರೂ ಊಟದ ಹೊತ್ತಿಗೆ ಮೈಕು ನನ್ನ ಕೈಗೆ ಬರುತ್ತದೆ. ಸಕ್ಕರೆ ಮಿಲ್ಲಿನ ಸೈರನ್ನಿನಿಂದ ಹಿಡಿದು ರೇಷನ್ ಅಂಗಡಿಯವರು ಹೆಸರು ಕೂಗುವುದರ ತನಕ ಎಲ್ಲ ದನಿಯೂ ನನ್ನ ಗಂಟಲಲ್ಲಿದೆ. ನನ್ನದೇ ದನಿ ಎಲ್ಲಿಟ್ಟಿದ್ದೇನೋ ಹುಡುಕಬೇಕು. ಹತ್ತನೇ ಕ್ಲಾಸಿನಲ್ಲಿದ್ದಾಗ ಹರೂರಿನಿಂದ ಸೇಲಂಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು, ಕಂಡಕ್ಟರ್ ದನಿಯಲ್ಲಿ, "ವಂಡಿ ಪೋಗಾದು, ಎಲ್ಲಾರುಂ ಎರಂಗುಂಗ" ಎಂದು ಕೂಗಿದ್ದೆ. ಗಾಡಿ ಹೋಗುವುದಿಲ್ಲ, ಇಳಿಯಿರಿ ಅಂದದ್ದೇ ತಡ, ಯಾಕೆ ಏನು ಎಂದು ಕೇಳದೆ ಮಕ್ಕಳು ಮರಿ, ಕೋಳಿ, ಚೀಲ ಎಲ್ಲ ಇಳಿದವು. ಎಲ್ಲರೂ ಇಳಿಯುವುದನ್ನು ನೋಡಿ ಗಾಬರಿಯಾಗಿ ನಿಜವಾದ ಕಂಡಕ್ಟರೂ ಇಳಿದ. ಅವತ್ತು ಬೆನ್ನಿಗೆ ಬಿದ್ದ ಏಟು ಮರೆತುಹೋಗಿದೆ. ಅವನು ಇಳಿದದ್ದು ಮರೆತಿಲ್ಲ.

ನಮ್ಮ ಊರಿನ ಒಂದು ಗುಣ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಮಾರಂಡಹಳ್ಳಿ ಆಚೆಯ ಗುಡ್ಡದ ಕಡೆಯ ಹಳ್ಳಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಉಣ್ಣಲು, ಬಯ್ಯಲು, ಕುರಿ ಕೂಗಲು ಕನ್ನಡ ಸಾಕು. ಆಸ್ಪತ್ರೆ, ತಾಲೂಕು ಆಫೀಸು, ಟೀವಿ ವಾರ್ತೆ ಎಲ್ಲ ತಮಿಳು. ಹೀಗಾಗಿ ಒಂದೇ ವಿಷಯವನ್ನು ಕನ್ನಡದಲ್ಲಿ ಹೇಳಿದರೆ, "ಓ, ಇವ್ನೇನೋ ಅಂತಾನೆ" ಎನ್ನುತ್ತಾರೆ. ಅದನ್ನೇ ಪುಸ್ತಕದ ತಮಿಳಿನಲ್ಲಿ, ಮೂಗಿನಿಂದ, ನಡುನಡುವೆ ಕಾಗದ ತಿರುಗಿಸಿದಂತೆ ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಎದ್ದು ನಿಂತು ಕೇಳುತ್ತಾರೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನನ್ನ ಸೋದರಮಾವನದು ಕುರಿ ಮಂದೆ. ನೂರರ ಆಸುಪಾಸು ಕುರಿ, ಎರಡು ನಾಯಿ, ಒಂದು ದೊಡ್ಡ ನೈಲಾನ್ ಬಲೆ. ರಾಗಿ ಕೊಯ್ದು ಹೊಲ ಖಾಲಿಯಾದ ಮೇಲೆ, ಟೊಮ್ಯಾಟೊ ಸಸಿ ನೆಡುವ ಮುಂಚೆ, ಒಬ್ಬರಾದ ಮೇಲೊಬ್ಬರು ರೈತರು ಮಾವನನ್ನು ಕರೆಯುತ್ತಾರೆ. ಸಂಜೆ ಹೊಲದ ಒಂದು ಮೂಲೆಗೆ ಬಲೆ ಸುತ್ತಿ ಮಂದೆಯನ್ನು ಒಳಗೆ ಕೂಡುವುದು. ಬೆಳಗಾಗುವ ಹೊತ್ತಿಗೆ ಹಿಕ್ಕೆಯೂ ಗಂಜಲವೂ ಮಣ್ಣಿಗೆ ಸೇರಿರುತ್ತದೆ. ಮರುದಿನ ಬಲೆ ಪಕ್ಕದ ತುಂಡಿಗೆ. ಅದಕ್ಕೆ ಬದಲಾಗಿ ಹೊಲದವರು ರಾಗಿ ಕೊಡುತ್ತಾರೆ, ಊಟ ಹಾಕುತ್ತಾರೆ. ಯಾರ ಹೊಲ ಮೊದಲು ಎಂದು ಹೆಂಗಸರು ನೀರಿನ ಟ್ಯಾಂಕಿನ ಹತ್ತಿರ ಜಗಳವಾಡುವಷ್ಟು ಬೇಡಿಕೆ ಮಾವನಿಗೆ. ಆ ಬೇಡಿಕೆಯಿಂದ ಅವನಿಗೆ ಸ್ವಲ್ಪ ಜಂಬವೂ ಬಂದಿತ್ತು ಎನ್ನಿ.

ಆ ದಿನ ಮಧ್ಯಾಹ್ನ ಹಿತ್ತಿಲಲ್ಲಿ ಕೂತು, "ನನ್ ಕುರಿ ಕಾಲಿಟ್ಟ ಒಲ್ದಾಗೆ ಟೊಮ್ಯಾಟೊ ಸೇಬಿನಂಗೆ ಉಬ್ಬುತ್ತೆ ಕಣಜ್ಜಿ. ಆಫೀಸರ್‌ಗೋಳು ನನ್ ಕುರಿ ತಾವ ಬಂದು ಪಾಠ ಕಲೀಬೇಕು" ಎಂದು ಮಾವ ನಮ್ಮಜ್ಜಿಯ ಎದುರು ಕೊಚ್ಚಿಕೊಂಡ. ಅಜ್ಜಿ ಅವನಿಗೆ ಹೆತ್ತ ತಾಯಿಯೇ. ಮನೆಯಲ್ಲಿ ಮಕ್ಕಳು ಕರೆಯುವುದನ್ನು ಕೇಳಿ ಅವನೂ ಅಜ್ಜಿ ಎಂದೇ ಕರೆಯುತ್ತಾನೆ. ಅವನು ಕೈ ತೊಳೆದು ಹೋದ. ನಾನು ಫೋನ್ ತೆಗೆದು, ಮೂಗು ಒತ್ತಿ ಹಿಡಿದು, ಶುರು ಮಾಡಿದೆ: "ಅನ್ಬಾನ ವಿವಸಾಯ ಪೆರುಮಕ್ಕಳೇ..."

ಪ್ರೀತಿಯ ರೈತ ಬಂಧುಗಳೇ, ಈ ಸಲ ಟೊಮ್ಯಾಟೊ ಎಲೆ ಮುದುರಿಕೊಳ್ಳುವ ರೋಗ ಕುರಿಗಳ ಗೊರಸಿನಿಂದ ಹರಡುತ್ತಿರುವುದು ಪತ್ತೆಯಾಗಿದೆ, ಮಂದೆ ನಿಲ್ಲಿಸಿದ ಹೊಲದಲ್ಲಿ ಸಸಿ ಹಾಕಬೇಡಿ, ಅಂಗಡಿಯಲ್ಲಿ ಸಿಗುವ ಗೊಬ್ಬರವನ್ನೇ ಬಳಸಿ ಎಂದೆಲ್ಲ ತಮಿಳಿನಲ್ಲಿ ಗಂಭೀರವಾಗಿ ಹೇಳಿ, ಕೊನೆಗೆ, "ಇನ್ನು ಮುಂದೆ ಹೊಲಕ್ಕೆ ಬರುವ ಪ್ರತಿಯೊಂದು ಕುರಿಯೂ ತನ್ನ ಆಧಾರ್ ಕಾರ್ಡಿನ ನಕಲನ್ನೂ ಎರಡು ಫೋಟೋವನ್ನೂ ತರತಕ್ಕದ್ದು" ಎಂದೆ. ಅಷ್ಟರಲ್ಲಿ ನನಗೇ ನಗು ತಡೆಯಲಿಲ್ಲ. ಹಿಂದಿನಿಂದ ಅಜ್ಜಿ, "ಲೇ, ಸಾಕ್ ಮುಚ್ಲಾ, ಮುದ್ದೆ ಆರೋಯ್ತದೆ" ಎಂದದ್ದೂ ಅದರಲ್ಲಿ ಸೇರಿತು. ಒಟ್ಟು ಒಂದು ನಿಮಿಷ ಒಂದು ಸೆಕೆಂಡು. ನಮ್ಮ ಮನೆಯವರದೊಂದು ಗ್ರೂಪ್ ಇದೆ, ಆರೇ ಜನ. ಅದಕ್ಕೆ ಹಾಕಿದೆ. ಮಾವ ಓದು ಬಾರದವನು. ನಗುವ ಮುಖದ ಚಿತ್ರ ಹದಿನಾಲ್ಕು ಒತ್ತಿದ.

ಮೂರನೆಯ ದಿನ ಪಾಲಕೋಡ್ ಮಾರ್ಕೆಟ್ಟಿಗೆ ಬಾಕ್ಸ್ ಇಳಿಸಲು ಹೋಗಿದ್ದೆ. ಟೊಮ್ಯಾಟೊ ಕ್ರೇಟಿನ ಮೇಲೆ ಕೂತಿದ್ದ ಇಬ್ಬರು ಒಂದೇ ಫೋನಿಗೆ ಕಿವಿ ಕೊಟ್ಟಿದ್ದರು. ಒಳಗಿನಿಂದ ನನ್ನ ಮೂಗು ಮಾತಾಡುತ್ತಿತ್ತು. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಭಯವಲ್ಲ, ಹೆಮ್ಮೆ. "ಅಣ್ಣಾ, ಎಂಗಿರುಂದು ವಂದುದು?" ಎಂದು ತಮಿಳಿನಲ್ಲಿ ಕೇಳಿದೆ, ಎಲ್ಲಿಂದ ಬಂತು ಎಂದು. "ಸೇಲಂ ಆಫೀಸಿಂದ" ಎಂದ ಒಬ್ಬ. ಇನ್ನೊಬ್ಬ, "ಸೇಲಂ ಅಲ್ಲ, ಚೆನ್ನೈ" ಎಂದು ತಿದ್ದಿದ. ನಮ್ಮ ಹಿತ್ತಿಲು ಮೂರು ದಿನದಲ್ಲಿ ಚೆನ್ನೈ ಸೇರಿತ್ತು. ಆಧಾರ್ ಕಾರ್ಡಿನ ಮಾತಿಗೆ ಇವರ ಮುಖ ಹೇಗಾಗುತ್ತದೋ ನೋಡೋಣ ಎಂದು ಕಾದು ನಿಂತೆ. ಅದು ಬರಲೇ ಇಲ್ಲ. "ಅಂಗಡಿಯಲ್ಲಿ ಸಿಗುವ ಗೊಬ್ಬರವನ್ನೇ ಬಳಸಿ, ನನ್ರಿ" ಎಂದು ಮುಗಿದುಹೋಯಿತು. ಐವತ್ತೆರಡು ಸೆಕೆಂಡು. ನನ್ನ ನಗು ಇಲ್ಲ, ಅಜ್ಜಿ ಇಲ್ಲ, ಮುದ್ದೆ ಇಲ್ಲ. ಆ ನನ್ರಿ, ಅಂದರೆ ಧನ್ಯವಾದ, ನಾನು ಹೇಳಿದ್ದೂ ಅಲ್ಲ. ಬೇರೆ ಯಾವುದೋ ದನಿಯನ್ನು ಕೊನೆಗೆ ಅಂಟಿಸಿದ್ದರು. ಮೈಕ್‌ಸೆಟ್ಟಿನವನ ಕಿವಿಗೆ ಅದು ತೇಪೆ ಹಾಕಿದ ಪಂಚೆಯ ಹಾಗೆ ಕಂಡಿತು. ಉಳಿದವರಿಗೆ ಕಾಣಲಿಲ್ಲ.

ಆಗ ಹೆದರಿದೆ. ಹೆದರಿದವನು ಮಾಡಬಾರದ್ದನ್ನೇ ಮೊದಲು ಮಾಡುತ್ತಾನೆ: ಮನೆಯ ಗ್ರೂಪಿನಲ್ಲಿದ್ದ ಮೂಲವನ್ನು ಎಲ್ಲರ ಫೋನಿನಿಂದಲೂ ಅಳಿಸಿಹಾಕಿದೆ, ನನ್ನ ಫೋನಿನಿಂದಲೂ. ನಾನು ನಕ್ಕಿದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾನೇ ಕೊಂದೆ. ಶುರುವಿನಲ್ಲೇ ಪೆದ್ದ ಎಂದದ್ದು ಸುಮ್ಮನೆ ಅಲ್ಲ.

ಅಷ್ಟು ಹೊತ್ತಿಗೆ ಊರಿನ ಟೊಮ್ಯಾಟೊ ರೈತರ ಗ್ರೂಪಿನಲ್ಲಿ ಅದು ಬಂದು ವಂದನೆಯ ಕೈಗಳ ಮಳೆ ಸುರಿದಿತ್ತು. ಮಾವನನ್ನು ಕರೆದಿದ್ದವರು ಒಬ್ಬೊಬ್ಬರಾಗಿ ಬೇಡ ಎಂದರು. ಯಾರೂ ಮುಖಕ್ಕೆ ಹೇಳಲಿಲ್ಲ. "ಈ ವಾರ ಆಗಕಿಲ್ಲ", "ಉಳುಮೆ ಐತೆ", "ನೆಂಟರು ಬತ್ತಾವ್ರೆ". ನೆಂಟರಿಗೂ ಕುರಿ ಹಿಕ್ಕೆಗೂ ಏನು ಸಂಬಂಧ ಎಂದು ಕೇಳಬೇಕಾದವನು ಕೇಳಲಿಲ್ಲ. ಕಳೆದ ವರ್ಷ ನೀರಿನ ಟ್ಯಾಂಕಿನ ಹತ್ತಿರ ಮಾವನಿಗಾಗಿ ಕಿತ್ತಾಡಿದ ಹೆಂಗಸರು ಈಗ ಮಂದೆ ದಾರಿಯಲ್ಲಿ ಬಂದರೆ ತಮ್ಮ ಹೊಲದ ಕಡೆಗೆ ಬೂದಿ ಎರಚಿಕೊಂಡರು. ಬೂದಿಯ ಮಾತು ನನ್ನ ಆಡಿಯೋದಲ್ಲಿ ಇರಲೇ ಇಲ್ಲ! ಅದನ್ನು ಅವರೇ ಸೇರಿಸಿಕೊಂಡರು.

ನಾನು ಗ್ರೂಪಿಗೆ ಒಂದು ಆಡಿಯೋ ಹಾಕಿದೆ. ನನ್ನದೇ ದನಿ, ಮನೆಯ ಕನ್ನಡ: "ಅದು ನಾನೇ ಮಾಡಿದ್ದು, ಆಟಕ್ಕೆ ಮಾಡ್ದೆ, ಯಾರೂ ನಂಬಬ್ಯಾಡಿ, ತಪ್ಪಾಯ್ತು." ಕ್ಷಮೆ ಕೇಳುವಾಗ ಜೋಕನ್ನು ಇನ್ನೊಮ್ಮೆ ಹೇಳುವುದು ಚೆನ್ನಾಗಿರದು ಎಂದು ಆಧಾರ್ ಕಾರ್ಡಿನ ಮಾತು ಎತ್ತಲಿಲ್ಲ. ನಿಮಿಷದೊಳಗೆ ಉತ್ತರಗಳು ಬಂದವು. ಒಬ್ಬ, "ಸೂಪರ್ ಮಚ್ಚಾ, ಯಾರ ವಾಯ್ಸ್ ಇದು?" ಎಂದ. ಇನ್ನೊಬ್ಬ, "ಅಳೋ ತರ ಇನ್ನೊಂದು ಮಾಡು" ಎಂದ. ಮನೆಮನೆಗೆ ಹೋದೆ. ಮೂಲೆಮನೆಯ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಥಾ ಸುದ್ದ ತಮಿಳು ನಿನ್ ಬಾಯಾಗೆ ಎಲ್ಲಿ ಬತ್ತದಲಾ? ತಮಿಳು ಪರೀಕ್ಸೆ ಎರಡು ಸಲ ಬರುದೋನು ನೀನು" ಎಂದಳು. ಅದು ನಿಜ. ನಿಜವನ್ನೇ ಎತ್ತಿ ನನ್ನ ಬಾಯಿಗೆ ತುರುಕಿದಳು.

ಎಲ್ಲಕ್ಕಿಂತ ಚಂದದ ಉತ್ತರ ನಮ್ಮಪ್ಪನದು. ಅವನು ಅವತ್ತು ಹಿತ್ತಿಲಲ್ಲೇ ಇದ್ದ, ನಾನು ಮೂಗು ಹಿಡಿದದ್ದನ್ನು ಕಣ್ಣಾರೆ ಕಂಡವನು. ನಮ್ಮ ಹೊಲಕ್ಕಾದರೂ ಮಾವನನ್ನು ಕರೆ ಎಂದೆ. ಬೀಡಿ ಆರಿಸಿ, ನಿಧಾನವಾಗಿ ಹೇಳಿದ: "ನೀನೇ ಮಾಡಿದ್ದು ಅಂತ ಗೊತ್ತು ಕಣ್ಲಾ. ಆದ್ರೂ ಊರೆಲ್ಲ ಅಂತಾವ್ರೆ. ಯಾಕೆ ರಿಸ್ಕು?"

ಅವತ್ತು ರಾಗಿ ಒಣಗಲು ಹಾಕಿದ ತಾಡಪಾಲಿನ ಮೇಲೆ ಕೂತು, ವಂದನೆಯ ಕೈ ಹಾಕಿದವರನ್ನೆಲ್ಲ ಬೆರಳು ಮಡಿಸಿ ಎಣಿಸಿದೆ. ಒಬ್ಬೊಬ್ಬರಿಗೂ ಏನೇನು ಮಾಡಬೇಕೆಂದು ಯೋಚಿಸಿದೆ. ಆಸ್ಪತ್ರೆಯ ದನಿಯಲ್ಲಿ ಫೋನ್ ಮಾಡಿ ಮೂಲೆಮನೆಯ ಅಕ್ಕನಿಗೆ ಒಂದು ತಿಂಗಳು ಸಕ್ಕರೆ ಬಿಡಿಸಬೇಕೆಂದುಕೊಂಡೆ. ಬೆರಳು ಮುಗಿದವು, ಜನ ಮುಗಿಯಲಿಲ್ಲ. ಆಗ ಅನಿಸಿತು, ಇವರೆಲ್ಲ ಬಸ್ಸು ಇಳಿದವರು. ಕೂಗಿದವನು ನಾನು. ಕೂಗನ್ನು ಇಲ್ಲಿಗೆ ಹೊತ್ತು ತಂದು, ನನ್ನ ನಗುವನ್ನು ಕುಯ್ದು ಬಿಸಾಕಿದವನು ಯಾರು?

ಮಾವ ಎರಡು ವಾರದಿಂದ ಊರ ಕಡೆ ಬಂದಿರಲಿಲ್ಲ. "ಗುಡ್ಡದ ತಪ್ಪಲಾಗೆ ಯಾವ್ದೋ ಒಲದಾಗವ್ನೆ, ಮುದ್ದೆ ಕೊಟ್ಬಾ" ಎಂದು ಅಜ್ಜಿ ಕಳಿಸಿದಳು. ಊರಿಂದ ಮೂರು ಮೈಲಿ, ಕಾಡಿನ ಅಂಚು, ಆನೆ ಬರುತ್ತದೆಂದು ಯಾರೂ ಆ ಕಡೆ ಹೋಗುವುದಿಲ್ಲ. ಹೋಗಿ ನೋಡಿದರೆ ಉತ್ತು ಹದ ಮಾಡಿದ ಹೊಲ, ಒಂದು ಪಕ್ಕ ಸುತ್ತಿಟ್ಟ ಡ್ರಿಪ್ ಪೈಪು, ನೆರಳಿನ ಬಲೆಯ ಕೆಳಗೆ ಟ್ರೇಗಳಲ್ಲಿ ನಾಟಿಗೆ ಸಿದ್ಧವಾದ ಟೊಮ್ಯಾಟೊ ಸಸಿ. ಮಧ್ಯೆ ಮಾವನ ಮಂದೆ.

"ಯಾರ್ದು ಮಾವ ಒಲ?"

"ಗೊಬ್ಬರದಂಗಡಿ ಅಣ್ಣಂದು."

ನಮ್ಮೂರಿನ ಗೊಬ್ಬರದಂಗಡಿಯ ಯಜಮಾನ. ಟೊಮ್ಯಾಟೊ ರೈತರ ಗ್ರೂಪು ನಡೆಸುವವನೂ ಅವನೇ. ಆ ಆಡಿಯೋವನ್ನು ಗ್ರೂಪಿಗೆ ಹಾಕಿ, "ತಪ್ಪದೆ ಕೇಳಿ, ಹತ್ತು ಜನಕ್ಕೆ ಕಳಿಸಿ" ಎಂದು ಬರೆದವನೂ ಅವನೇ. ಅವನಿಗೂ ಯಾರೋ ಕಳಿಸಿರಬೇಕೆಂದು ನಾನು ಅಲ್ಲಿಯವರೆಗೆ ಅವನನ್ನು ಎಣಿಕೆಗೇ ಹಿಡಿದಿರಲಿಲ್ಲ.

"ದೇವ್ರಂತಾ ಮನ್ಸ ಕಣ್ಲಾ" ಎಂದ ಮಾವ. "ಒಬ್ರೂ ಕರೀದಾಗ, ಪಾಪ, ಬಾಪ್ಪ ನನ್ ಒಲಕ್ಕೆ, ಬಂದಿದ್ ಬರ್ಲಿ ಅಂದ್ರು. ರಾಗಿ ಗೀಗಿ ಕೇಳ್ಬಾರ್ದು ಅಂಥೋರ್ನ. ಸುಮ್ನೆ ಮಂದೆ ಕಟ್ಟಿವ್ನಿ."

ತಂದ ಮುದ್ದೆಯನ್ನು ಕೆಳಗಿಟ್ಟೆ. "ಮಾವ, ನಾನು ಕಳಿಸಿದ್ದ ಆಡಿಯೋ ನೀನು ಯಾರ್ಗಾರ ಕೇಳಿಸ್ದಾ?"

"ಅಣ್ಣಂಗೇ ಕೇಳಿಸ್ದೆ. ಅವ್ರಂಗಡಿಗೆ ರೀಚಾರ್ಜ್ ಮಾಡ್ಸಕ್ಕೆ ಓಗಿದ್ನಲ್ಲ. ಒಟ್ಟೆ ಇಡ್ಕಂಡು ನಕ್ರು. ಇನ್ನೊಂದ್ಸಲ ಕೇಳ್ತೀನಿ ಅಂತ ಅವ್ರ ಪೋನ್‌ಗೂ ಆಕ್ಕಂಡ್ರು."

"ಮಾವ, ಆ ಆಫೀಸರ್ ನಾನೇ!"

"ಅದೇಂಗ್ಲಾ? ನಾನೂ ಅಂಗೇ ಕೇಳ್ದೆ ಅಣ್ಣನ್ನ. ಇದು ಬೇರೆ ಕಣಪ್ಪ, ಇದು ನಿಜ್ವಾದ ಆಫೀಸರ್ದು, ಅದ್ನ ಕೇಳ್ಕಂಡೇ ನಿನ್ ಅಳಿಯ ಅಣಕ ಮಾಡವ್ನೆ ಅಂದ್ರು."

ನಾನೇ ನನ್ನ ನಕಲಿ ಆಗಿಹೋಗಿದ್ದೆ! ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಮಾವ ಬಯ್ಯಲಿಲ್ಲ. ಒಂದು ಕುರಿಮರಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಉಣ್ಣೆಗೆ ಅಂಟಿದ ಮುಳ್ಳುಕಾಯಿಗಳನ್ನು ಒಂದೊಂದಾಗಿ ಕೀಳುತ್ತ ಕೂತ. ಒಂದೇಟು ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಕೊನೆಗೆ, "ನೀನು ಮಾಡಿರಬೋದು. ಅಣ್ಣ ಅಂಥೋರಲ್ಲ" ಎಂದ. ಆಮೇಲೆ, ಹವಾಮಾನ ಹೇಳಿದ ಹಾಗೆ, "ಈ ಒಲ ಇನ್ನಾಕು ದಿನಕ್ಕೆ ಮುಗೀತದೆ. ಮುಂದಿನ ಸಂತೆಗೆ ಎಲ್ಲಾನೂ ಒಡ್ಕಂಡೋಗಿ ಮಾರ್ಬುಡ್ತೀನಿ. ಕರೆಯೋರಿಲ್ದ ಮಂದೆ ಯಾಕೆ?" ಎಂದ.

ಸಂತೆಗೆ ಐದು ದಿನ ಇತ್ತು. ಊರ ದಾರಿ ಹಿಡಿದೆ. ಗಂಟಲಿನೊಳಗೆ ಆಗಲೇ ಗೊಬ್ಬರದಂಗಡಿ ಅಣ್ಣ ಬಂದು ಕೂತಿದ್ದ.

ಒಬ್ಬನನ್ನು ಅಣಕ ಮಾಡಬೇಕಾದರೆ ಅವನನ್ನು ಸ್ವಲ್ಪವಾದರೂ ಇಷ್ಟಪಡಬೇಕು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಸುಳ್ಳು. ದ್ವೇಷ ಇನ್ನೂ ಚೆನ್ನಾಗಿ ಕಲಿಸುತ್ತದೆ. ಮೂರು ದಿನ ಒಂದಲ್ಲ ಒಂದು ನೆಪದಲ್ಲಿ ಅವನ ಅಂಗಡಿಯ ಮುಂದೆ ನಿಂತೆ. ಪ್ರತಿ ಮಾತಿಗೂ ಮುಂಚೆ ಅವನದೊಂದು ಸಣ್ಣ ಕೆಮ್ಮು. ದೊಡ್ಡ ಮಾತು ಬಂದಾಗ ತಮಿಳಿಗೆ ಜಾರುತ್ತಾನೆ. ಸುಳ್ಳು ಹೇಳುವ ಮುಂಚೆ "ನಮ್ಗೇನು" ಎನ್ನುತ್ತಾನೆ. "ನಮ್ಗೇನು, ನಿಮ್ ಒಳ್ಳೇದಕ್ಕೇ ಹೇಳೋದು." ಆ ನಮ್ಗೇನು ಇದೆಯಲ್ಲ, ಅದನ್ನು ಮೈಕ್‌ಸೆಟ್ ಅಂಗಡಿಯ ಗೋಡೌನಿನಲ್ಲಿ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ನೂರು ಸಲ ಅಂದೆ. ಕೊನೆಗೆ ಅದು ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನನ್ನ ಮೇಲೇ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆಗ ರೆಕಾರ್ಡ್ ಒತ್ತಿದೆ.

ನಾನು ಅವನ ಬಾಯಲ್ಲಿ ತಪ್ಪೊಪ್ಪಿಗೆ ಹೇಳಿಸಬಹುದಿತ್ತು. ಬೇಡವೆನಿಸಿತು, ತಪ್ಪೊಪ್ಪಿಗೆಗೆ ಊರಿನಲ್ಲಿ ಎಷ್ಟು ಬೆಲೆ ಎಂದು ನೋಡಿದ್ದೆನಲ್ಲ. ಅದರ ಬದಲು ಕರೆಯೋಲೆ ಹೇಳಿಸಿದೆ. ಕೆಮ್ಮು. ಪುಸ್ತಕದ ತಮಿಳು. ನಾಳೆ ಬೆಳಗ್ಗೆ ಏಳಕ್ಕೆ ಗುಡ್ಡದ ತಪ್ಪಲಿನ ನನ್ನ ಹೊಲಕ್ಕೆ ವ್ಯವಸಾಯದ ಆಫೀಸರು ಖುದ್ದಾಗಿ ಬರುತ್ತಾರೆ, ಎಲೆ ಮುದುರು ರೋಗಕ್ಕೆ ಹೊಸ ಔಷಧಿ ತೋರಿಸುತ್ತಾರೆ, ತಪ್ಪದೆ ಬನ್ನಿ, ಹತ್ತು ಜನಕ್ಕೆ ಕಳಿಸಿ. ಕೊನೆಗೆ, ಅವನ ನೆನಪಿಗಾಗಿ, ಒಂದು ನನ್ರಿ.

ಗುರುವಾರ ಬೆಳಗಿನ ಐದೂವರೆಗೆ ಊರವರು ಹಾಲಿನ ಸೊಸೈಟಿಯ ಮುಂದೆ ಕ್ಯಾನು ಹಿಡಿದು ಸಾಲು ನಿಂತಾಗ, ಗೊಬ್ಬರದಂಗಡಿ ಅಣ್ಣ ಕಳಿಸಿದ್ದು ಎಂದು ಪಕ್ಕದ ಟೀ ಅಂಗಡಿಯ ಅಕ್ಕನ ಫೋನಿಗೆ ದಾಟಿಸಿದೆ. ಆ ಅಕ್ಕನಿಗೆ ಏನಾದರೂ ಕಳಿಸಿದರೆ ಮೈಕ್‌ಸೆಟ್ ಬಾಡಿಗೆಗೆ ತರುವ ಅಗತ್ಯವಿಲ್ಲ. ನಾಳೆ ಎಂದಿದ್ದ ಮಾತನ್ನು ಅಕ್ಕನೇ ತಿದ್ದಿದಳು: "ನೆನ್ನೆ ಮಾಡಿರೋ ಆಡಿಯೋ ಕಣ್ರೋ, ನಾಳೆ ಅಂದ್ರೆ ಇವತ್ತೇ! ಏಳು ಗಂಟೆಗೆ!" ನಾನು ಹಾಗೆಯೇ ಆಗಲೆಂದು ಬಯಸಿದ್ದೆ, ಅಂಗಡಿ ಅಣ್ಣ ಏಳರವರೆಗೆ ಏಳುವವನಲ್ಲ.

ಊರು ಹೊರಟಿತು. ಬೈಕಿನ ಮೇಲೆ, ಟ್ರಾಕ್ಟರಿನ ಮೇಲೆ, ನಡೆದು. ಆನೆಯ ಭಯ ಯಾರಿಗೂ ನೆನಪಾಗಲಿಲ್ಲ. ಮೂಲೆಮನೆಯ ಅಕ್ಕ ಹೊಸ ಸೀರೆ ಉಟ್ಟಿದ್ದಳು, ಆಫೀಸರು ಫೋಟೋ ತೆಗೆಯುತ್ತಾರೆಂದು. ಅಜ್ಜಿಯನ್ನು ನಾನು ಬೈಕಿನ ಹಿಂದೆ ಕೂರಿಸಿಕೊಂಡೆ. "ಏನ್ಲಾ ಮುಖದಾಗೆ ಅಷ್ಟು ಬೆಳಕು? ಯಾರ್ ಮನೆ ಆಳ್ಮಾಡಿದ್ಯಲಾ?" ಎಂದಳು. ಕೇಳಿಸದವನಂತೆ ಗೇರ್ ಬದಲಿಸಿದೆ.

ಏಳಕ್ಕೆ ಹೊಲದ ಬದುವಿನ ಮೇಲೆ ನಲವತ್ತು ಐವತ್ತು ಜನ ಸಾಲಾಗಿ ನಿಂತರು. ಆಫೀಸರಿಲ್ಲ. ಔಷಧಿ ಇಲ್ಲ. ಇಬ್ಬನಿ ಆರುವವರೆಗೆ ಮಾವ ಮಂದೆ ಬಿಡುವುದಿಲ್ಲ. ಬಲೆಯೊಳಗೆ ನೂರು ಕುರಿ ಮೆಲುಕು ಹಾಕುತ್ತ ಇವರನ್ನು ನೋಡಿದವು. ಉಳಿದ ಹೊಲದ ತುಂಬ, ಎರಡು ವಾರದಿಂದ ತುಂಡು ತುಂಡಾಗಿ, ಕರಿ ಮಣಿ ಚೆಲ್ಲಿದ ಹಾಗೆ ಹಿಕ್ಕೆ. ಪಕ್ಕದಲ್ಲಿ ಟೊಮ್ಯಾಟೊ ಸಸಿಯ ಟ್ರೇ. ಜನ ಹಿಕ್ಕೆಯನ್ನು ನೋಡಿ ಸಸಿಯನ್ನು ನೋಡಿದರು, ಸಸಿಯನ್ನು ನೋಡಿ ಮತ್ತೆ ಹಿಕ್ಕೆಯನ್ನು ನೋಡಿದರು. ಆ ನೋಟವನ್ನು ನಾನು ಎಳನೀರಿನ ಹಾಗೆ ಕುಡಿದೆ.

"ಕುರಿ ಬುಡಬ್ಯಾಡಿ ಅಂತ ನಮ್ಗೆ ಕಳಿಸ್ದೋರ ಒಲ ಅಲ್ವಾ ಇದು?" ಎಂದಳು ಮೂಲೆಮನೆಯ ಅಕ್ಕ.

ಅಷ್ಟರಲ್ಲಿ ಮೊಪೆಡ್ಡಿನ ಸದ್ದು. ಅಂಗಡಿ ಅಣ್ಣ ಬಂದ. ಲುಂಗಿ, ತಪ್ಪು ತಪ್ಪು ಗುಂಡಿ ಹಾಕಿದ ಅಂಗಿ. ಇಳಿಯುವ ಮುಂಚೆಯೇ ಕೆಮ್ಮಿದ. ನಾನು ಬೇಕೆಂದೇ ಅವನ ಹಾಗೆಯೇ ಕೆಮ್ಮಿದೆ, ಇಬ್ಬರು ನಕ್ಕರು.

"ಯಾರ್ರೀ ನಿಮ್ಮನ್ನ ಕರೆದೋರು? ಆ ಆಡಿಯೋ ನಂದಲ್ಲ!"

"ನಿಮ್ಮದೇ ದನಿ ಐತಲ್ಲಣ್ಣ" ಎಂದಳು ಟೀ ಅಂಗಡಿಯ ಅಕ್ಕ, ಫೋನ್ ಎತ್ತಿ ಹಿಡಿದು.

"ದನಿ ನಂದಾದ್ರೆ ನಾನೇ ಮಾತಾಡಿದ್ದಾ? ಇವ್ನು, ಈ ಮೈಕ್‌ಸೆಟ್ ನಾಯಿ, ಇವ್ನದು ಈ ಕೆಲ್ಸ. ಇವ್ನ ಆಟ ನಂಗೊತ್ತಿಲ್ವಾ? ನಮ್ಗೇನು, ಓದ್ಸಲಾನೂ ಅಷ್ಟೇ, ಆಫೀಸರ್ ತರ ಮಾತಾಡಿ ಕುರಿಗೆಲ್ಲ ಆಧಾರ್ ಕಾರ್ಡ್ ತನ್ನಿ ಅಂತ ಬೊಗಳಿದ್ದ!"

ನಮ್ಮಪ್ಪ ಬಾಯಿಂದ ಬೀಡಿ ತೆಗೆದ.

"ಕುರಿಗೆ ಆಧಾರ್ ಕಾರ್ಡಾ?" ಎಂದಳು ಮೂಲೆಮನೆಯ ಅಕ್ಕ. "ಅದ್ರಾಗೆ ಅಂಗೇನೂ ಇರ್ಲಿಲ್ವಲ್ಲ."

"ಆಫೀಸರ್ ಆಡಿಯೋ ಇವ್ನದೇ ಅಂತ ಅಣ್ಣಂಗೆ ಮೊದ್ಲೇ ಗೊತ್ತಿತ್ತಾ?" ಎಂದ ಇನ್ನೊಬ್ಬ.

ಅಣ್ಣ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಅವನ ಕೆಮ್ಮನ್ನು ಅಣಕ ಮಾಡುವ ಅಗತ್ಯ ಈಗ ನನಗೂ ಇರಲಿಲ್ಲ.

ಬಲೆಯ ಹತ್ತಿರ ಕೋಲು ಊರಿ ನಿಂತಿದ್ದ ಮಾವ ತಲೆ ಎತ್ತಿದ. "ಅದು ನಿಜ್ವಾದ ಆಫೀಸರ್ದು ಅಂದ್ರಲ್ಲಣ್ಣ ನಂತಾವ" ಎಂದ. ಸಿಟ್ಟಿನಿಂದ ಅಲ್ಲ, ಏನನ್ನೋ ಎಲ್ಲಿಟ್ಟೆ ಎಂದು ಹುಡುಕುವವನ ಹಾಗೆ.

ಅಣ್ಣ ಬೇರೆ ದಾರಿ ಹಿಡಿದ. ಮಾವನ ಕಡೆ ತಿರುಗಿ, ಬೆರಳನ್ನು ನನ್ನ ಕಡೆ ಚಾಚಿದ. "ಸರೀಪ್ಪ, ನಂದೇ ತಪ್ಪು ಅಂತಿಟ್ಕೋ. ಮೊದ್ಲು ಬಾಯಿ ಬಿಟ್ಟೋನು ಯಾರು? ನಿನ್ ಅಕ್ಕನ ಮಗ. ನಿನ್ ಮಂದೆ ಮೇಲೆ ಮಣ್ಣಾಕಿದ್ದು ನಿನ್ ಅಳಿಯ. ಪಾಪ ಅಂತ ಒಲಕ್ಕೆ ಕರೆದೋನು ನಾನು. ಹೊಡೆಯೋದಾದ್ರೆ ಯಾರ್ಗೆ ಹೊಡೀತೀಯ, ಹೇಳು ಎಲ್ರ ಮುಂದೆ!"

ಅವನು ಹೇಳಿದ ಅಷ್ಟೂ ಮಾತಿನಲ್ಲಿ ಅದೊಂದು ನಿಜ ಇತ್ತು, ಹಾಳಾದ್ದು. ಎಲ್ಲರೂ ನನ್ನನ್ನು ನೋಡಿದರು. ಅಜ್ಜಿ ಕೂಡ ನೋಡಿದಳು. ಮಾವ ಕೋಲು ಎತ್ತಿಕೊಂಡು ನಾಲ್ಕು ಹೆಜ್ಜೆ ನನ್ನ ಕಡೆ ಬಂದ. ಹೊಡೆಯಲಿ ಎಂದು ಬೆನ್ನು ಕೊಟ್ಟು ನಿಂತೆ. ಅವನು ನನ್ನನ್ನು ದಾಟಿ ಮೊಪೆಡ್ಡಿನ ಮುಂದೆ ಹೋಗಿ ನಿಂತು, ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದ:

"ಅವ್ನು ಪೆದ್ದ ಕಣಣ್ಣ, ಮಾಡಿ ಕೊನೇಗೆ ನಕ್ಕ, ಆ ನಗೂನ ಕುಯ್ದು ಕಳಿಸ್ದೋರು ನೀವು. ಎರಡು ವಾರದ್ ಇಕ್ಕೆ ಒಂದೊಂದಾಗಿ ಆಯ್ದು, ನಿಮ್ಮಂಗಡಿ ಚೀಲ್ದಾಗೇ ತುಂಬಿ, ಇವ್ರೆಲ್ರ ಒಲಕ್ಕೂ ಒತ್ಕಂಡೋಗಿ ಸುರೀರಿ. ತೂಕ ಮಾಡ್ಬೇಡಿ, ನಿಮ್ಮೇಲೆ ನಂಗೆ ನಂಬ್ಕೆ ಐತೆ."